ಪೇಜ್‌ಮೇಕರ್ ಫೈಲುಗಳಿರುವವರು ಕಂಪ್ಯೂಟರ್ ಬದಲಿಸುವ ಮುನ್ನ ಓದಿ

ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕೆಲಸ ನಿಮ್ಮಲ್ಲಿ ಇನ್ನೂ ಉಳಿದಿದ್ದರೆ, ದಯವಿಟ್ಟು ಹಳೆಯ ಕಂಪ್ಯೂಟರನ್ನು ಈಗಲೇ ಯಾರಿಗೂ ಕೊಡಬೇಡಿ, ಫಾರ್ಮ್ಯಾಟ್ ಮಾಡಲೂ ಬಿಡಬೇಡಿ. ನಮ್ಮ ಪ್ರೆಸ್ಸಿನಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ ವಿಂಡೋಸ್ 11 ಇರುವ ಹೊಸ ಯಂತ್ರ ತಂದೆವು. ಅಂಗಡಿಯವರು ಕಳಿಸಿದ ಹುಡುಗ, ಹಳೆಯ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಓಡಲೆಂದು ಇರುವ ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ಪೇಜ್‌ಮೇಕರ್ ಓಡಿಸಿ ತೋರಿಸಿದ. ತಂತ್ರಾಂಶವೇನೋ ತೆರೆದುಕೊಂಡಿತು, ಎಲ್ಲರಿಗೂ ನೆಮ್ಮದಿಯಾಯಿತು. ಆದರೆ ಫಾಂಟ್‌ಗಳು ಹಳೆಯ ಯಂತ್ರದಲ್ಲೇ ಉಳಿದಿದ್ದವು. ಫೈಲು ತೆರೆದಾಗ, ಇಂಥ ಫಾಂಟ್ ಇಲ್ಲ, ಬದಲಿ ಫಾಂಟ್ ತಾತ್ಕಾಲಿಕವಾಗಿ ಬೇಕೋ ಶಾಶ್ವತವಾಗಿ ಬೇಕೋ ಎಂದು ಪೇಜ್‌ಮೇಕರ್ ಕೇಳುತ್ತದೆ. ಆತ ಶಾಶ್ವತ ಎಂಬುದನ್ನು ಆರಿಸಿ, ಒಂದೊಂದೇ ಫೈಲನ್ನು ತೆರೆದು ಸೇವ್ ಮಾಡುತ್ತಾ ಹೋದ. ಹಳೆಯ ಯಂತ್ರವನ್ನು ಅಷ್ಟರಲ್ಲೇ ಅಂಗಡಿಗೆ ಒಯ್ದು, ನಮ್ಮನ್ನು ಒಂದು ಮಾತೂ ಕೇಳದೆ ಅಳಿಸಿಬಿಟ್ಟಿದ್ದರು.

ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಇವತ್ತಿಗೂ ವಾದಿಸುತ್ತಾರೆ. ಅದು ಅರ್ಧ ಸತ್ಯ. ಹಳೆಯ ನುಡಿಯಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಸಂಕೇತಗಳಿಲ್ಲ. ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಜಾಗದಲ್ಲಿ ಕಕಾರದ ಒಡಲು ಕೂತಿರುತ್ತದೆ, ಅದರ ತಲೆಕಟ್ಟಿಗೆ ಬೇರೆಯೇ ಒಂದು ಚಿಹ್ನೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಆ ಹೆಸರೇ ಅಳಿಸಿಹೋದರೆ ಎರಡೂ ಕಲಸಿಹೋದಂತೆ. ನಾವು ಕಂಪೋಸ್ ಮಾಡಿಟ್ಟಿದ್ದದ್ದು ಔಷಧೀಯ ಸಸ್ಯಗಳ ಪುಸ್ತಕ. ಪ್ರತಿ ಗಿಡದ ಕನ್ನಡ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಿತ್ತು. ಇಡೀ ಪುಟಕ್ಕೆ ನುಡಿ ಹಾಕಿದರೆ ಲ್ಯಾಟಿನ್ ಹೆಸರುಗಳು ಓದಲಾಗದ ಕನ್ನಡ ತುಂಡುಗಳಾಗುತ್ತವೆ, ಹಾಕದಿದ್ದರೆ ಕನ್ನಡವೇ ಇಲ್ಲ. ಶೀರ್ಷಿಕೆಗೆ ಒಂದು ನುಡಿ ಫಾಂಟ್, ಒಳಪಠ್ಯಕ್ಕೆ ಇನ್ನೊಂದು ಎಂಬ ವ್ಯತ್ಯಾಸವೂ ಹೋಯಿತು. ಪುಸ್ತಕ ಬರೆದ ಮೇಷ್ಟ್ರು ವರ್ಷಗಟ್ಟಲೆ ಕೂತು ಕರಡು ತಿದ್ದಿದ್ದರು. ಅವರಿಗೆ ವಿಷಯ ತಿಳಿಸಿದ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಟೈಪಿಂಗಿನಲ್ಲೂ ಒಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ನುಡಿಯನ್ನು ಸಾಮಾನ್ಯವಾಗಿ ತೆರೆದರೆ ಕೀಲಿಮಣೆಯಿಂದ ಕನ್ನಡ ಮೂಡದೆ ಬರೀ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕೆಳಗಿನ ಹಂತದ ಅನುಮತಿಯಲ್ಲಿ ಓಡುವ ತಂತ್ರಾಂಶ ಮೇಲಿನ ಹಂತದ್ದರ ಕೀಲಿಗಳನ್ನು ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ಹಂತದಲ್ಲಿ ಓಡಿಸಬೇಕು.

ಪೇಜ್‌ಮೇಕರ್ ನಂತರ ಬಂದ ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದು ಪೇಜ್‌ಮೇಕರ್ ಫೈಲನ್ನು ನೇರವಾಗಿ ತೆರೆಯುತ್ತಿದ್ದದ್ದು ಸಿಎಸ್6 ಎಂಬ ಹಳೆಯ ಆವೃತ್ತಿಯ ತನಕ. ಈಗ ಚಂದಾ ಕಟ್ಟಿ ಪಡೆಯುವ ಸಿಸಿ ಆವೃತ್ತಿಗಳು ಅದನ್ನು ತೆರೆಯುವುದಿಲ್ಲ.

ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೆ ಇಂಟರ್ನೆಟ್ ಕಿತ್ತು ಹಾಗೆಯೇ ಇರಿಸಿಕೊಳ್ಳಿ. ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲಿಸಿ. ಒಂದೇ ಹೆಸರಿನ ಫಾಂಟನ್ನು ಬೇರೆ ಕಡೆಯಿಂದ ತಂದರೆ ಅಕ್ಷರದ ಅಗಲ ಬೇರೆಯಾಗಿ ಸಾಲು, ಪುಟಗಳು ಜಾರಬಹುದು. ಪ್ರತಿ ಫೈಲಿನಿಂದ ಫಾಂಟ್ ಒಳಗೊಂಡ ಪಿಡಿಎಫ್ ಆ ಯಂತ್ರದಲ್ಲೇ ತೆಗೆಯಿರಿ. ಪಠ್ಯವನ್ನು, ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿರುವ ಯುನಿಕೋಡಿಗೆ ಬದಲಿಸುವುದಿದ್ದರೂ ಅಲ್ಲೇ ಮಾಡಿ, ಪರಿವರ್ತಕಕ್ಕೆ ಕನ್ನಡ ಭಾಗವನ್ನಷ್ಟೇ ಕೊಡಿ. ಹೊಸ ಯಂತ್ರದಲ್ಲಿ ತೆರೆದು ನೋಡುವುದು ನಕಲು ಪ್ರತಿಯನ್ನು ಮಾತ್ರ, ಅದನ್ನೂ ಸೇವ್ ಮಾಡದೆ ಮುಚ್ಚಿ. ಮೂಲ ಫೈಲುಗಳಿರುವ ಡ್ರೈವ್ ನಿಮ್ಮ ಬೀರುವಿನಲ್ಲಿರಲಿ, ಅಂಗಡಿಯವರ ಕೈಗೆ ಅದು ಹೋಗಬೇಕಾದ ಅಗತ್ಯವೇ ಇಲ್ಲ.