ಬಾಂಬೆರ್ಗೋ, ರೋಟೆನ್‌ಬರ್ಗೋ?

ಜರ್ಮನಿಯ ನ್ಯೂರೆಂಬರ್ಗಿಗೆ ಬಂದ ನೆಂಟರು, ಸ್ನೇಹಿತರು ತಪ್ಪದೆ ಕೇಳುವ ಪ್ರಶ್ನೆ ಇದು. ಒಂದು ದಿನ ಬಿಡುವಿದೆ, ಚಂದದ ಹಳೇ ಊರು ನೋಡಬೇಕು, ಎಲ್ಲಿಗೆ ಹೋಗಲಿ? ಎರಡೂ ಕಡೆ ಬೆಳಗಿಂದ ಸಂಜೆವರೆಗೆ ಅಡ್ಡಾಡಿದ್ದೇನೆ. ಆರಾಮಾಗಿ ದಿನ ಕಳೆಯುವ ಆಸೆ ಇದ್ದರೆ ಬಾಂಬೆರ್ಗ್ ಅಂತಲೇ ಹೇಳುತ್ತೇನೆ.

ಮೊದಲ ಕಾರಣ ರೈಲು. ಬಾಂಬೆರ್ಗಿಗೆ ನೇರ ರೈಲಿದೆ, ಒಂದು ಗಂಟೆಯೊಳಗೆ ತಲುಪಬಹುದು. ರೋಟೆನ್‌ಬರ್ಗಿಗೆ ಸಾಮಾನ್ಯವಾಗಿ ಆನ್ಸ್‌ಬಾಖ್‌ನಲ್ಲಿ ಒಮ್ಮೆ, ಸ್ಟೈನಾಖ್‌ನಲ್ಲಿ ಇನ್ನೊಮ್ಮೆ ಇಳಿದು ಹತ್ತಬೇಕು. ಒಂದು ರೈಲು ತಡವಾದರೂ ಆ ಪುಟ್ಟ ಸ್ಟೇಷನ್ನಿನಲ್ಲಿ ಸುಮ್ನೆ ಕೂತು ಕಾಯಬೇಕು. ನಾಲ್ಕೈದು ಜನ ಒಟ್ಟಿಗೆ ಹೊರಟರೆ ಬಾಯರ್ನ್ ಟಿಕೆಟ್, ಅಂದರೆ ಈ ರಾಜ್ಯದ ಲೋಕಲ್ ರೈಲುಗಳ ಒಂದು ದಿನದ ಟಿಕೆಟ್, ಎರಡು ಕಡೆಗೂ ಆಗುತ್ತದೆ. ವಾರದ ದಿನಗಳಲ್ಲಿ ಮಾತ್ರ ಬೆಳಗ್ಗೆ 9ರ ನಂತರವೇ ಹತ್ತಬೇಕು.

ರೋಟೆನ್‌ಬರ್ಗಿನ ದೊಡ್ಡ ಆಸ್ತಿ ಅದರ ಕೋಟೆ ಗೋಡೆ. ಮೇಲೆ ಹತ್ತಿ, ಹೆಂಚಿನ ಮಾಡಿನ ಅಡಿಯಲ್ಲಿ ಬಹುದೂರ ನಡೆಯಬಹುದು, ದುಡ್ಡು ಕೊಡಬೇಕಿಲ್ಲ. 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಊರಿನ ಪೂರ್ವ ಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಲು ದೇಶ ವಿದೇಶದವರು ಹಣ ಕೊಟ್ಟರು. ಅವರ ಹೆಸರು ಕೆತ್ತಿದ ಕಲ್ಲುಗಳು ಗೋಡೆಯ ಉದ್ದಕ್ಕೂ ಇವೆ, ಜಪಾನಿನವರದೂ ಇವೆ. ಓದುತ್ತಾ ನಡೆದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಕೆಳಗಿಳಿದರೆ ಮಾತ್ರ ಜನವೋ ಜನ. ಪ್ಲೋನ್‌ಲೈನ್ ಎಂಬ ಮೂಲೆಯಲ್ಲಿ ಆ ವಾಲಿದ ಹಳದಿ ಮನೆಯ ಫೋಟೋ ತೆಗೆಯಲು ಪಾಳಿ ಕಾಯಬೇಕು. ಟೂರಿಸ್ಟ್ ಬಸ್ಸುಗಳು ಹೊರಟ ಮೇಲೆ ಊರು ನಿಜಕ್ಕೂ ಚೆನ್ನ. ಆದರೆ ಬೆಳಗ್ಗೆ ಬಂದವರು ಅಷ್ಟು ಹೊತ್ತಿಗೆ ವಾಪಸ್ ರೈಲಿನ ಚಿಂತೆಯಲ್ಲಿರುತ್ತಾರೆ, ಅಲ್ವಾ?

ಬಾಂಬೆರ್ಗ್ ಹಾಗಲ್ಲ. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದ್ದರೂ ಅದು ಜನ ಬದುಕುತ್ತಿರುವ ಊರು. ಕಾಲೇಜು ಹುಡುಗರು ಸೈಕಲ್ಲಿನಲ್ಲಿ ಓಡಾಡುತ್ತಾರೆ, ಅಜ್ಜಿಯರು ಸಂತೆಯಲ್ಲಿ ತರಕಾರಿ ಆರಿಸುತ್ತಾರೆ. ರೆಗ್ನಿಟ್ಸ್ ಹೊಳೆಯ ನಡುವೆ ನಿಂತ ಹಳೇ ಪುರಭವನದ ಗೋಡೆಯನ್ನು ಹತ್ತಿರದಿಂದ ನೋಡಿ. ಬಣ್ಣದ ಚಿತ್ರದಲ್ಲಿರುವ ಒಂದು ದೇವದೂತ ಮಗುವಿನ ಕಾಲು ಮಾತ್ರ ಗೋಡೆಯಿಂದ ಆಚೆಗೆ ಚಾಚಿಕೊಂಡಿದೆ, ಗುಂಡಗುಂಡಗೆ!

ಎರಡೂ ಊರನ್ನು ನಿಜವಾಗಿ ಪಕ್ಕಪಕ್ಕ ಇಟ್ಟು ನೋಡಲು ಒಬ್ಬ ಶಿಲ್ಪಿ ಸಾಕು: ಟಿಲ್ಮನ್ ರೀಮನ್‌ಷ್ನೈಡರ್. 1500ರ ಆಸುಪಾಸಿನಲ್ಲಿ ಅವನ ಕೆಲಸ ಎರಡೂ ಕಡೆ ನಡೆದಿತ್ತು. ರೋಟೆನ್‌ಬರ್ಗಿನ ಸೇಂಟ್ ಯಾಕೋಬ್ ಚರ್ಚಿನಲ್ಲಿ ಬಣ್ಣವನ್ನೇ ಹಚ್ಚದ ಮರದಲ್ಲಿ ಯೇಸುವಿನ ಕೊನೆಯ ಊಟವಿದೆ. ನಡುವೆ ನಿಂತವನು ಯೇಸುವಲ್ಲ, ಅವನನ್ನು ಹಿಡಿದುಕೊಟ್ಟ ಶಿಷ್ಯ ಜೂದಾಸ. ಕಿಟಕಿಯ ಬೆಳಕು ಮುಖಗಳ ಮೇಲೆ ಬೀಳುವಾಗ ಅಲ್ಲಿಂದ ಏಳಲು ಮನಸ್ಸೇ ಬರುವುದಿಲ್ಲ. ಬಾಂಬೆರ್ಗಿನ ಕ್ಯಾಥೆಡ್ರಲ್‌ನಲ್ಲಿ ಅವನೇ ಕಲ್ಲಿನಲ್ಲಿ ಮಾಡಿದ ದೊರೆ ಎರಡನೇ ಹೈನ್ರಿಖ್ ಮತ್ತು ಅವನ ಹೆಂಡತಿ ಕುನಿಗುಂಡೆಯ ಸಮಾಧಿ ಇದೆ. ಅದರ ಒಂದು ಬದಿಯಲ್ಲಿ ಸಂತ ಬೆನೆಡಿಕ್ಟ್ ಮಲಗಿರುವ ದೊರೆಯ ಮೈಯೊಳಗಿನ ಕಲ್ಲನ್ನು ತೆಗೆದು ಅವನ ಕೈಗಿಡುವ ದೃಶ್ಯ. ಈ ಒಂದು ವಿಷಯದಲ್ಲಿ ನನ್ನ ಓಟು ರೋಟೆನ್‌ಬರ್ಗಿಗೆ. ಆ ಮರದ ಕೆಲಸಕ್ಕೆ ಸಾಟಿ ಇಲ್ಲ.

ತಿಂಡಿಗೆ ಬಂದರೆ, ರೋಟೆನ್‌ಬರ್ಗಿನ ಷ್ನೇಬಾಲ್ ಎಂಬ ಸಿಹಿ ಅಂಗಡಿಯ ಕಿಟಕಿಯಲ್ಲಿ ಚಂದ. ಚಿರೋಟಿಯನ್ನು ಉಂಡೆ ಕಟ್ಟಿ ಸಕ್ಕರೆ ಉದುರಿಸಿದ ಹಾಗೆ. ತಿಂದರೆ ಒಣಒಣ, ಅರ್ಧಕ್ಕೇ ಸಾಕೆನಿಸುತ್ತದೆ. ಬಾಂಬೆರ್ಗಿನ ಹೊಗೆ ಬಿಯರ್ ಬೀಚ್ ಮರದ ಬೆಂಕಿಯಲ್ಲಿ ಒಣಗಿಸಿದ ಮಾಲ್ಟಿನದು. ಮೊದಲ ಗುಟುಕಿಗೆ ಮುಖ ಸಿಂಡರಿಸುವವರೇ ಜಾಸ್ತಿ, ನನಗೆ ಮಾತ್ರ ತುಂಬಾ ಇಷ್ಟ. ಸಸ್ಯಾಹಾರಿಗಳಿಗೆ ಎರಡೂ ಕಡೆ ದಪ್ಪ ಶಾವಿಗೆಯಂಥದ್ದಕ್ಕೆ ಚೀಸ್ ಹಾಕಿದ ಕೇಸೆಷ್ಪೆಟ್ಸ್‌ಲೆ ಸಿಗುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಬಾಂಬೆರ್ಗಿನ ಕ್ಯಾಥೆಡ್ರಲ್ ದಿಣ್ಣೆಯನ್ನು ನಿಧಾನಕ್ಕೆ ಹತ್ತಿಸಿ. ಕಲ್ಲು ಹಾಸಿದ ಏರುದಾರಿ ಅದು. ಮೇಲೆ ಹೊಸ ಅರಮನೆಯ ಗುಲಾಬಿ ತೋಟದಲ್ಲಿ ಕೂರಿಸಿ, ಕೆಂಪು ಮಾಡುಗಳನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಇರಬಹುದು. ಮಕ್ಕಳಿದ್ದರೆ ಅವರಿಗೆ ರೋಟೆನ್‌ಬರ್ಗಿನ ಗೋಡೆಯೇ ಹಬ್ಬ. ಹಾಗೆ ಹೋಗುವುದಾದರೆ ಒಂದು ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ.