ಹಳೇ ‘ಇಂಗ್ಲೆಂಡ್’ ಜೋಡಿ ನಳಿಗೆ: ಕೆತ್ತನೆ ಬಿಡಿ, ಬುಡ ನೋಡಿ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೇ ತೋಟದ ಮನೆಗಳಿಂದ ಆಗಾಗ ಮಾರಾಟಕ್ಕೆ ಬರುವ ಕೋವಿ ಹೆಚ್ಚುಕಮ್ಮಿ ಒಂದೇ ಥರದ್ದು: ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರಿನ ಜೋಡಿ ನಳಿಗೆ, ಬಾಕ್ಸ್‌ಲಾಕ್ (ಈಡಿನ ಯಂತ್ರ ಬುಡದ ಕಬ್ಬಿಣದ ಪೆಟ್ಟಿಗೆಯೊಳಗೇ ಇರುವಂಥದ್ದು), ಇಜೆಕ್ಟರ್ (ಖಾಲಿ ತೋಟೆಯನ್ನು ತಾನೇ ಹೊರಗೆ ಚಿಮ್ಮಿಸುವ ಭಾಗ) ಇಲ್ಲದ್ದು. ತೂಕ ಮೂರು ಕೆಜಿ ಆಸುಪಾಸು. ಹೆಗಲಿಗೇರಿಸಿದರೆ ತಾನೇ ಗುರಿಗೆ ಕೂರುತ್ತದೆ. ಆ ಒಂದು ವಿಷಯದಲ್ಲಿ ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಕೋವಿ ಇದರ ಹತ್ತಿರ ಸುಳಿಯುವುದಿಲ್ಲ. ಆದರೆ ಮಾರುವವರು ಬೆಲೆ ಹೇಳುವುದು ಕೆತ್ತನೆಗೆ, ಹೆಸರಿಗೆ. ರಿಬ್ಬಿನ (ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ) ಮೇಲೆ ಕಲ್ಕತ್ತೆಯ ರೋಡ್ಡಾ, ಮದರಾಸಿನ ಪಿ. ಓರ್ ಅಂತ ಇದ್ದರೆ ಅದು ಸಾಮಾನ್ಯವಾಗಿ ಮಾರಿದ ಅಂಗಡಿಯ ಹೆಸರು, ಮಾಡಿದವನದ್ದಲ್ಲ.

ಮೊದಲು ಕೋವಿಯನ್ನು ಹಿಂಜಿನಲ್ಲಿ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆ ಬಿಚ್ಚಿ ಬುಡದ ಚಪ್ಪಟೆ ಜಾಗ ನೋಡಿ. ಪ್ರೂಫ್ ಮುದ್ರೆಗಳು, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳು, ಹೆಚ್ಚಾಗಿ ಅಲ್ಲೇ ಇರುತ್ತವೆ. ಕಿರೀಟದ ಕೆಳಗೆ ‘ಎನ್‌ಪಿ’ ಇದ್ದರೆ, ಅಥವಾ 1954ರ ನಂತರದ್ದಾಗಿ ‘ಬಿಎನ್‌ಪಿ’ ಇದ್ದರೆ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ನಳಿಗೆ. 1904ಕ್ಕಿಂತ ಹಳೆಯದರಲ್ಲಿ ‘ನೈಟ್ರೋ ಪ್ರೂಫ್’ ಎಂದು ಅಕ್ಷರದಲ್ಲೇ ಇರಬಹುದು. ಇವ್ಯಾವುವೂ ಇಲ್ಲದೆ ನಳಿಗೆಯ ಮೇಲೆ ಸುರುಳಿ ಸುರುಳಿ ಡಮಾಸ್ಕಸ್ ನಕ್ಷೆ ಮಾತ್ರ ಇದ್ದರೆ ಅದು ಕರಿಮದ್ದಿನ ಕಾಲದ್ದು. ಗೋಡೆಗೆ ಚೆಂದ, ಈಡಿಗೆ ಬೇಡ.

ಇನ್ನು ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ, ಅದರ ಉದ್ದ. ಮಲೆನಾಡಿನ ಹಳೇ ಕೋವಿಗಳು ಹೆಚ್ಚಾಗಿ ಹಾಳಾಗುವುದೇ ಇಲ್ಲಿ. 1925ರಿಂದ ಈಚಿನ ನಳಿಗೆಗಳಲ್ಲಿ ಇದನ್ನೂ ಮುದ್ರೆ ಹಾಕಿರುತ್ತಾರೆ: ಎರಡೂವರೆ ಇಂಚು, ಅಂದರೆ 65 ಮಿ.ಮೀ.; ಎರಡೂ ಮುಕ್ಕಾಲು ಅಂದರೆ 70. ತೋಟೆಯ ಪೆಟ್ಟಿಗೆಯ ಮೇಲಿರುವ 70 ಎಂಬುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೇಸಿನ ಉದ್ದ. ಹೊಸ ತೋಟೆಯ ಬಾಯಿ ಮಡಚಿರುವುದರಿಂದ ಅದು 60ರ ಆಸುಪಾಸಿನಲ್ಲೇ ಇದ್ದು, 65ರ ಚೇಂಬರಿಗೆ ಸಲೀಸಾಗಿ ಜಾರಿ ಕೂರುತ್ತದೆ. ‘ಹಿಡಿಸಿತಲ್ಲ, ಸರಿಯಾಗೇ ಇದೆ’ ಅಂದುಕೊಳ್ಳುತ್ತಾರೆ. ಈಡಾದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ ಕೇಸಿನ ಬಾಯಿ ಮುಂದಿನ ಕಿರಿದಾಗುವ ಭಾಗಕ್ಕೆ ನುಗ್ಗಿ, ಚರೆ ಹೊರಡುವ ದಾರಿಯನ್ನೇ ಬಿಗಿಯುತ್ತದೆ. ಒತ್ತಡ ಏರುತ್ತದೆ. ಒಂದೆರಡು ಈಡಿಗೆ ಏನೂ ಆಗಲಿಕ್ಕಿಲ್ಲ. ವರ್ಷಗಟ್ಟಲೆ ಹೀಗೇ ಹೊಡೆದರೆ ಹಿಂಜ್ ಸಡಿಲ, ಹಿಡಿಯ ಕುತ್ತಿಗೆಯಲ್ಲಿ ಬಿರುಕು. ಖಾಲಿ ಕೇಸಿನ ಬಾಯಿ ಹರಿದು ಚಿಂದಿಯಾಗಿದ್ದರೆ ಇದೇ ಗುಮಾನಿ. ಯಾರೋ ರೀಮರ್ (ಒಳಗೆ ಕೊರೆಯುವ ಉಪಕರಣ) ಹಾಕಿ ಚೇಂಬರ್ ಉದ್ದ ಮಾಡಿದ್ದರೆ ಹಳೇ ಮುದ್ರೆಯನ್ನು ನೆಚ್ಚುವಂತಿಲ್ಲ, ಅಲ್ಲಿ ಗೋಡೆ ತೆಳುವಾಗಿರುತ್ತದೆ.

ಹಿಂಜ್ ಪರೀಕ್ಷೆಗೆ ನಳಿಗೆಯ ಕೆಳಗಿರುವ ಮುಂದಿನ ಮರ ತೆಗೆದುಬಿಡಿ. ಅದು ಇದ್ದರೆ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಬಿಡುತ್ತದೆ. ಕೋವಿ ಮುಚ್ಚಿ, ಒಂದು ಕೈಯಲ್ಲಿ ನಳಿಗೆ, ಇನ್ನೊಂದರಲ್ಲಿ ಹಿಡಿ ಹಿಡಿದು ಅಲುಗಿಸಿ; ಟಕ್ ಎಂದರೆ ಸವೆದಿದೆ. ನಳಿಗೆಯ ಬುಡಕ್ಕೂ ಆ್ಯಕ್ಷನ್ನಿನ (ಹಿಡಿಗೆ ಕೂಡಿಸಿದ, ಟ್ರಿಗರ್ ಇರುವ ಕಬ್ಬಿಣದ ಭಾಗದ) ಮುಖಕ್ಕೂ ನಡುವೆ ಬಲ್ಬಿನ ಬೆಳಕು ಗೆರೆಯಾಗಿ ಕಂಡರೆ ಹೊಸ ಹಿಂಜ್ ಪಿನ್ನೇ ಬೇಕು. ಹಿತ್ತಾಳೆ ಚೂರು ಅಂಟಿಸಿಯೋ, ನಳಿಗೆಯ ಬುಡದಡಿ ಹಿಂಜಿಗೆ ಕೂರುವ ಕೊಕ್ಕೆಯನ್ನು ಸುತ್ತಿಗೆಯಲ್ಲಿ ಬಡಿದು ಹಿಗ್ಗಿಸಿಯೋ ಮಾಡಿದ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ. ಕೋವಿ ತೆರೆಯುವ ಮೇಲಿನ ಲಿವರ್ ಹೊಸದರಲ್ಲಿ ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲುತ್ತದೆ. ಎಡಕ್ಕೆ ದಾಟಿದ್ದರೆ ಬಹಳ ದುಡಿದ ಕೋವಿ.

ಬೋರು, ಅಂದರೆ ನಳಿಗೆಯ ಒಳಮೈ, ಕನ್ನಡಿಯ ಹಾಗೆ ಹೊಳೆದರೆ ತಕ್ಷಣ ಖುಷಿಪಡಬೇಡಿ. ನಮ್ಮ ಮಳೆಗೆ ಬಿದ್ದ ತುಕ್ಕಿನ ಗುಳಿಗಳನ್ನು ಉಜ್ಜಿ ಉಜ್ಜಿ ತೆಗೆದಿರಬಹುದು. ಬುಡದಿಂದ 9 ಇಂಚು ಒಳಗೆ ಬೋರ್ ಗೇಜ್ ಹಾಕಿಸಿ. ಮುದ್ರೆಯ ‘12’ ಅಂದರೆ 0.729 ಇಂಚು, ‘13’ರ ಕೆಳಗೆ 1 ಇದ್ದರೆ 0.719. ಅದಕ್ಕಿಂತ 0.010 ಇಂಚು ಹಿಗ್ಗಿದ್ದರೆ ಪ್ರೂಫ್ ಮೀರಿದ ಹಾಗೆ. ಬಿಚ್ಚಿದ ನಳಿಗೆಯನ್ನು ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ಗಂಟೆಯ ನಾದ ಬರಬೇಕು. ಡಬ್ ಎಂದರೆ ರಿಬ್ಬಿನ ಬೆಸುಗೆ ಬಿಟ್ಟಿದೆ. ‘ಹೊಸದಾಗಿ ಬ್ಲೂಯಿಂಗ್ (ನಳಿಗೆಗೆ ಕಪ್ಪು-ನೀಲಿ ಬಣ್ಣ) ಮಾಡಿಸಿದ್ದೇವೆ’ ಅಂದಲ್ಲಿ ಇದನ್ನು ತಪ್ಪದೆ ಮಾಡಿ. ಕುದಿಯುವ ಕಾಸ್ಟಿಕ್‌ನಲ್ಲಿ ಅದ್ದಿದರೆ ಸೀಸದ ಬೆಸುಗೆ ಕರಗಿಹೋಗುತ್ತದೆ.

ಹೆಚ್ಚಿನ ಬಾಕ್ಸ್‌ಲಾಕ್‌ಗಳಲ್ಲಿ ಸೇಫ್ಟಿ ಟ್ರಿಗರನ್ನಷ್ಟೇ ತಡೆಯುತ್ತದೆ, ಒಳಗಿನ ಕುದುರೆಯನ್ನಲ್ಲ (ತೋಟೆಯನ್ನು ಸಿಡಿಸುವ ಸುತ್ತಿಗೆ). ಡಮ್ಮಿ ತೋಟೆ ಹಾಕಿ, ಸೇಫ್ಟಿ ಇಟ್ಟು ಎರಡೂ ಟ್ರಿಗರ್ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ಕುದುರೆ ಆಗ ಬಿದ್ದರೆ ಸಿಯರ್ (ಕುದುರೆಯನ್ನು ಹಿಡಿದಿಡುವ ಕೊಂಡಿ) ಸವೆದಿದೆ, ಆ ಕೋವಿ ಮುಟ್ಟಬೇಡಿ.

ಕೊಂಡ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ. ಜೂನ್‌ನಿಂದ ಚರ್ಮ ನೀರು ಹೀರಿ, ಚೀಲ ತಾಗುವಲ್ಲೆಲ್ಲ ತುಕ್ಕು, ಮರಕ್ಕೆ ಬೂಷ್ಟು.

ಇಷ್ಟೆಲ್ಲ ಸರಿಯಿದ್ದರೆ ಕೆತ್ತನೆಯಿಲ್ಲದ ಸಾದಾ ಕೋವಿಗೂ ನಮ್ಮ ಕಡೆಯಿಂದ ಪೂರ್ತಿ ಅಂಕ. ಆದರೆ ದುಡ್ಡಿಗೆ ಮೊದಲು ಕಾಗದ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಕೋವಿ. ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿ ಅಥವಾ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದಿರಬೇಕು, ನಿಮ್ಮ ಲೈಸೆನ್ಸಿನಲ್ಲಿ ಈ ಥರದ ಕೋವಿಗೆ ಅನುಮತಿ ಇರಬೇಕು. ನಳಿಗೆ, ಆ್ಯಕ್ಷನ್, ಮುಂದಿನ ಮರದ ಕಬ್ಬಿಣ, ಈ ಮೂರರ ನಂಬರನ್ನೂ ಮಾರುವವರ ಲೈಸೆನ್ಸಿನ ಜೊತೆ ತಾಳೆ ನೋಡಿ. ಒಂದು ಬೇರೆಯಿದ್ದರೂ ಮುಂಗಡ ಕೊಡದೆ ಎದ್ದುಬನ್ನಿ.