ಮೂರು ಮಳೆಗಾಲ ಕಂಡ ವಾಕಿಟಾಕಿ: ಜೀಪಿಗೆ ಎಂಥದ್ದು ತಗೊಳ್ಳಬೇಕು?

ನಮ್ಮದು ನಾಲ್ಕು ಗಾಡಿಗಳ ಗುಂಪು. ಎರಡು ಥಾರ್, ಒಂದು ಜಿಮ್ನಿ, ಒಂದು ಹಳೇ ಜಿಪ್ಸಿ. ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟದ ದಾರಿಗಳಲ್ಲಿ, ಅವರ ಒಪ್ಪಿಗೆ ಕೇಳಿಕೊಂಡೇ ಓಡಿಸುತ್ತೇವೆ. ಅಲ್ಲಿ ಫೋನ್ ಸಿಗ್ನಲ್ ನಂಬಿಕೊಂಡರೆ ಆಗಲ್ಲ. ಅದಕ್ಕೇ ಮೂರು ವರ್ಷದ ಹಿಂದೆ ನಾಲ್ಕು ವಾಕಿಟಾಕಿ ತಗೊಂಡೆವು. 446 ಮೆಗಾಹರ್ಟ್ಸ್‌ನ, ಅರ್ಧ ವ್ಯಾಟಿನ, ಲೈಸೆನ್ಸ್ ಬೇಡದ ಸೆಟ್ಟುಗಳು.

ಐದು ವ್ಯಾಟಿನ ಚೈನಾ ಸೆಟ್ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು, ನಮಗೂ ಆಸೆಯಾಗಿತ್ತು. ಆದರೆ ಅವು ಓಡುವ ಫ್ರೀಕ್ವೆನ್ಸಿಗಳಿಗೆ ಲೈಸೆನ್ಸ್ ಬೇಕು. ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆದು ಬಳಸೋಣ ಎಂದರೂ ನಾಲ್ಕು ಗಾಡಿಯಲ್ಲಿ ಮಾತಾಡುವವರೆಲ್ಲ ಪಾಸಾಗಬೇಕು. ಲೈಸೆನ್ಸ್ ಇಲ್ಲದೆ ನಮ್ಮ ದೇಶದಲ್ಲಿ ಬಳಸಬಹುದಾದ್ದು 446.0ರಿಂದ 446.2 ಮೆಗಾಹರ್ಟ್ಸ್, ಮತ್ತೆ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್. ಸಿಟಿಜನ್ ಬ್ಯಾಂಡಿನಲ್ಲಿ 5 ವ್ಯಾಟ್‌ವರೆಗೆ ಅವಕಾಶ ಇದೆ, ಆದರೆ ಅದಕ್ಕೆ ಉದ್ದದ ಆಂಟೆನಾ ಬೇಕು. ತೋಟದಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತೆ ಅಂತ ಬಿಟ್ಟೆವು. ಯಾವುದೇ ತಗೊಳ್ಳಿ, ಇಟಿಎ ಪ್ರಮಾಣಪತ್ರ, ಅಂದರೆ ಆ ಮಾದರಿಯ ಸೆಟ್ಟಿಗೆ ಸರ್ಕಾರದ ಒಪ್ಪಿಗೆ, ಇದೆಯಾ ಅಂತ ಕೇಳಿ. 2025ರಲ್ಲಿ ಆನ್‌ಲೈನ್ ಮಾರಾಟಕ್ಕೂ ಈ ವಿಷಯದಲ್ಲಿ ಮಾರ್ಗಸೂಚಿ ಬಂದಿದೆ.

ಈಗ ದೂರದ ಮಾತು. ಡಬ್ಬದ ಮೇಲೆ 10 ಕಿಲೋಮೀಟರ್ ಅಂತ ಇತ್ತು. ಸಿಲ್ವರ್ ಓಕ್ ಮರಗಳ ನಡುವೆ, ಮಳೆಗೆ ಎಲೆಯೆಲ್ಲ ನೆನೆದಿರುವಾಗ, ಗುಡ್ಡದ ಒಂದು ತಿರುವು ಅಡ್ಡ ಬಂದರೆ ನಮಗೆ 600-700 ಮೀಟರ್ ಸಿಕ್ಕಿದೆ, ಅಷ್ಟೇ. ಚಿತ್ರದುರ್ಗದ ಬಯಲಲ್ಲಿ ಮೂರು ಕಿಲೋಮೀಟರ್ ಆರಾಮಾಗಿ ಕೇಳಿಸಿತು. ವ್ಯಾಟ್ ಜಾಸ್ತಿ ಮಾಡಿದರೂ ಗುಡ್ಡ ಗುಡ್ಡವೇ ಅಲ್ವಾ? ಮುಂದಿನವರ ಮಾತು ಹಿಂದಿನವರಿಗೆ ಮುಟ್ಟದಿದ್ದರೆ ನಡುವಿನ ಗಾಡಿಯವರು ಹೇಳುತ್ತಾರೆ. ಮೂರು ವರ್ಷ ಹೀಗೇ ನಡೆದಿದೆ.

ನಿಜವಾಗಿ ಇದು ಕೆಲಸಕ್ಕೆ ಬರುವುದು ಹತ್ತು ಮೀಟರ್ ದೂರದಲ್ಲಿ. ಒಬ್ಬ ಇಳಿದು ನಿಂತು ದಾರಿ ತೋರಿಸುವಾಗ, ಇಂಜಿನ್ ಸದ್ದು, ಮಳೆ ಸದ್ದಿನಲ್ಲಿ ಕೂಗಿದ್ದು ಡ್ರೈವರಿಗೆ ಕೇಳಲ್ಲ. ಎರಡನೇ ವರ್ಷ ಜುಲೈನಲ್ಲಿ ಥಾರ್ ಒಂದು ಏರಿನಲ್ಲಿ ನಿಂತುಬಿಟ್ಟಿತ್ತು. ಹಿಂದಿನ ಚಕ್ರಕ್ಕೆ ಇನ್ನೂ ಕಲ್ಲು ಕೊಟ್ಟಿರಲಿಲ್ಲ. ನಾನು ಸೆಟ್ಟಿನಲ್ಲಿ "ಬ್ರೇಕ್ ಬಿಡಬೇಡ" ಎಂದೆ, ಗಡಿಬಿಡಿಯಲ್ಲಿ ಮಾತು ಮುಗಿಯುವ ಮೊದಲೇ ಬಟನ್‌ನಿಂದ ಬೆರಳು ತೆಗೆದಿದ್ದೆ. ಗೆಳೆಯನಿಗೆ ಕೇಳಿಸಿದ್ದು "ಬ್ರೇಕ್ ಬಿಡ" ಅಷ್ಟೇ. ಬಿಡು ಅಂದುಕೊಂಡು ಬಿಟ್ಟ. ಗಾಡಿ ನಾಲ್ಕು ಅಡಿ ಹಿಂದಕ್ಕೆ ಬಂದು ದಾರಿ ಪಕ್ಕದ ಮಣ್ಣಿನ ಬರೆಗೆ ಒರಗಿ ನಿಂತಿತು. ಹಿಂದೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ನಮ್ಮ ಭಾಷೆಯಲ್ಲಿ ಬೇಡ, ಇಲ್ಲ, ಬಾರದು ಎಲ್ಲ ಮಾತಿನ ಬಾಲದಲ್ಲೇ ಬರುತ್ತವೆ, ಬಾಲ ಕತ್ತರಿಸಿದರೆ ಅರ್ಥ ತಿರುಗುತ್ತದೆ. ಅವತ್ತಿನಿಂದ ಸೆಟ್ಟಿನಲ್ಲಿ "ಬೇಡ" ಅನ್ನುವುದನ್ನೇ ಬಿಟ್ಟಿದ್ದೇವೆ. "ಬ್ರೇಕ್ ಹಿಡಿ, ಹಿಡಿ" ಅಂತ ಎರಡು ಸಲ ಹೇಳುತ್ತೇವೆ. ಬಟನ್ ಒತ್ತಿ ಅರ್ಧ ಸೆಕೆಂಡ್ ಬಿಟ್ಟು ಶುರು ಮಾಡುವುದು, ಮುಗಿದ ಮೇಲೂ ಒಂದು ಕ್ಷಣ ಹಿಡಿದಿರುವುದು. ಹೊಸಬರು ಬಂದರೆ ಗಾಡಿ ಹತ್ತುವ ಮೊದಲು ಇದನ್ನೇ ಹೇಳಿಕೊಡುತ್ತೇವೆ.

ಹಾಗಾಗಿ ಅಂಗಡಿಯಲ್ಲಿ ಸುಮ್ನೆ ಕಿಲೋಮೀಟರ್ ಕೇಳಬೇಡಿ, ಬಟನ್ ಒತ್ತಿ ನೋಡಿ. ಒದ್ದೆ ಕೈಗೆ ಜಾರಬಾರದು, ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು. ಸ್ಪೀಕರ್ ಜೋರಾಗಿರಲಿ. ಮಾತಾಡಿದರೆ ತಾನೇ ಆನ್ ಆಗುವ ವಾಕ್ಸ್ ಸೌಲಭ್ಯವನ್ನು ಗಾಡಿಯಲ್ಲಿ ಆಫ್ ಮಾಡಿಡಿ, ಇಂಜಿನ್ ಸದ್ದಿಗೇ ಆನ್ ಆಗಿ ಚಾನೆಲ್ ಹಿಡಿದು ಕೂರುತ್ತದೆ. ಪ್ರೈವೆಸಿ ಕೋಡ್ ಅಂದರೆ ಗುಟ್ಟು ಅಂದುಕೊಳ್ಳಬೇಡಿ. ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಮಾಡುತ್ತೆ ಹೊರತು ನಿಮ್ಮ ಮಾತನ್ನು ಮುಚ್ಚಿಡಲ್ಲ.

ಮೂರು ವರ್ಷದಲ್ಲಿ ಎರಡು ಬೆಲ್ಟ್ ಕ್ಲಿಪ್ ಮುರಿದಿವೆ. ಒಂದರ ಚಾರ್ಜಿಂಗ್ ಪಿನ್ ಮಳೆಗೆ ಹಸಿರುಗಟ್ಟಿತ್ತು, ಉಜ್ಜಿ ಸರಿ ಮಾಡಿದೆ. ಬ್ಯಾಟರಿ ಮೊದಲು ಇಡೀ ದಿನ ಬರುತ್ತಿತ್ತು, ಈಗ ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿಯಲ್ಲಿ ಚಾರ್ಜಿಗೆ ಹಾಕಬೇಕು. ಈ ಮಳೆಗಾಲಕ್ಕೂ ಇವನ್ನೇ ಒಯ್ಯುತ್ತೇವೆ, ಹೊಸ ಬ್ಯಾಟರಿ ಹಾಕಿಸಿಕೊಂಡು.